ಕಿನ್ನರಿಯ ಕುಪ್ಪಸದ ಮಡಿಕೆ

ಬಂಕಾಪುರದ ನಮ್ಮ ಓಣಿಯ ದರ್ಜಿ ಯಾರ ಮಕ್ಕಳಿಗೆ ಅಂಗಿ ಹೊಲಿದರೂ ಒಳಗೊಂದಿಷ್ಟು ಬಟ್ಟೆ ಮಡಚಿ ಬಿಡುತ್ತಿದ್ದರು. "ಬೆಳಿಯೂ ಕೂಸ್ರೀ, ಒಳಗ ಬಟ್ಟಿ ಬಿಟ್ಟೇನಿ" ಎಂದು ತಾಯಂದಿರಿಗೆ ಹೇಳುವಾಗಲೂ ಹಲ್ಲಿನ ನಡುವೆ ಸೂಜಿ ಇದ್ದೇ ಇರುತ್ತಿತ್ತು.

ನನ್ನ ಗೊಂಬೆ ಕಿನ್ನರಿಗೆ ಮದುವೆ ಗೊತ್ತಾದಾಗ ಅವರ ಬಳಿಗೇ ಹೋದೆ. ಹಳೆಯ ಸೀರೆಯ ತುಂಡಿನೊಳಗೆ ಕಟ್ಟಿಗೆಯ ಹೊಟ್ಟು ತುಂಬಿ ಅವ್ವ ಮಾಡಿಕೊಟ್ಟ ಗೊಂಬೆ. ಅವರು ಅದನ್ನು ಮೇಜಿನ ಮೇಲೆ ನಿಲ್ಲಿಸಿ, "ಅಕ್ಕಾರ, ಕೈ ಎತ್ರಿ" ಎಂದು ಟೇಪು ಹಿಡಿದರು. ರೇಷ್ಮೆಯ ಚೂರಿನ ಕುಪ್ಪಸ, ಜರಿಯ ರೆಕ್ಕೆ, ಖಾಲಿ ದಾರದ ರೀಲುಗಳೇ ಕಾಲಾದ ಪುಟ್ಟ ಮಂಚ, ಎಲ್ಲ ಎರಡೇ ದಿನದಲ್ಲಿ ತಯಾರು. ಕುಪ್ಪಸ ತಿರುವಿ ನೋಡಿದರೆ ಒಳಗೆ ಮಡಿಕೆ!

"ಕಾಕಾ, ಗೊಂಬಿ ಎಲ್ಲರೆ ಬೆಳಿತೈತೇನ್ರಿ?" ಎಂದು ನಕ್ಕೆ.

"ಬೆಳಿಯೂ ಕೂಸವ್ವಾ" ಎಂದರು. ಅವರು ನಗಲಿಲ್ಲ.

ಮದುಮಗಳೆಂದ ಮೇಲೆ ಸುರಗಿ ನೀರು ಹಾಕಲೇಬೇಕಲ್ಲ? ಮದುವೆಯ ಮುಂಜಾನೆ ಗೆಳತಿಯರೆಲ್ಲ ಕೂಡಿ ಕಿನ್ನರಿಗೆ ಅರಿಷಿಣ ಹಚ್ಚಿ, ತಂಬಿಗೆಗಟ್ಟಲೆ ನೀರು ಹೊಯ್ದೆವು. ಹೊಟ್ಟು ನೀರು ಕುಡಿದು ಉಬ್ಬಿತು. ಬಿಸಿಲಿಗಿಟ್ಟರೂ ಇಳಿಯಲಿಲ್ಲ, ಕುಪ್ಪಸ ಏರಲಿಲ್ಲ. ಅಷ್ಟರಲ್ಲಿ ಗಂಡುಗೊಂಬೆಯನ್ನು ಎತ್ತಿಕೊಂಡು ಅತ್ತೆಯ ಮಗಳು ತಿಳವಳ್ಳಿಯಿಂದ ಬಂದಿಳಿದಳು. ನಾನು ಕಿನ್ನರಿಯನ್ನೂ ಕುಪ್ಪಸವನ್ನೂ ಎತ್ತಿಕೊಂಡು ಅಳುತ್ತ ದರ್ಜಿಯ ಅಂಗಡಿಗೆ ಓಡಿದೆ.

ಅವರು ಮಡಿಕೆ ಬಿಚ್ಚಿದರು. ಕುಪ್ಪಸ ಮೈಗೆ ಸರಿಯಾಗಿ ಕೂತಿತು. ಕಣ್ಣೊರೆಸಿಕೊಂಡು ನೋಡಿದರೆ ಒಳಗೆ ಇನ್ನೂ ಒಂದು ಮಡಿಕೆ.

"ಇದ್ಯಾಕ್ರಿ ಕಾಕಾ?"

ಅವರು ಸೂಜಿಗೆ ದಾರ ಪೋಣಿಸುತ್ತ ಹೇಳಿದರು: "ಇರ್ಲಿ ಬಿಡವ್ವಾ, ಬಸುರಾದಾಗ ಬೇಕಾಗತೈತಿ."