ಮೂವರಲ್ಲಿ ಮೂರನೆಯವಳು

ಕಳೆದ ಗುರುವಾರ ಸಂಜೆ ಮಂಜುಳಾ ಬಾಸ್ಕೆಟ್ ಕಡೆಗೆ ಒಂಬತ್ತು ಸಲ ಓಡಿದಳು. ಒಂಬತ್ತು ಸಲವೂ ಯಾರೂ ಪಾಸ್ ಕೊಡಲಿಲ್ಲ, ಖಾಲಿ ಕೈ. ಆಟ ಮುಗಿದ ಮೇಲೆ ನನ್ನ ಹತ್ತಿರ ಬಂದು, ನಾಳೆಯಿಂದ ಬರಲ್ಲ ಅಂದಳು.

ಹೊಸಪೇಟೆಯಲ್ಲಿ ನಾನು ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡೋದು ನಿಮಗೆ ಗೊತ್ತು. (ಮೊಣಕಾಲು ಕೈಕೊಟ್ಟ ಮೇಲೆ ಬರೀ ಬಾಯಲ್ಲೇ ಆಡ್ತೀನಿ.) ಈಗ ಕಲಿಸ್ತಿರೋದು ಮೋಷನ್ ಅಫೆನ್ಸ್. ಅಂದರೆ, ಒಬ್ಬಳ ಕೈಲಿ ಬಾಲ್ ಇದ್ದಾಗ ಉಳಿದವರು ನೋಡ್ತಾ ನಿಲ್ಲಬಾರದು. ಓಡಬೇಕು, ಜಾಗ ಬದಲಿಸಬೇಕು. ಬೋರ್ಡಿನ ಮೇಲೆ ಬರೆದರೆ ಯಾರ ತಲೆಗೂ ಹತ್ತಲ್ಲ. ಅದಕ್ಕೇ ಐದೈದು ಮಂದಿಯ ಬದಲು ಮೂವರ ಎದುರು ಮೂವರನ್ನು ಬಿಡ್ತೀನಿ. ಡ್ರಿಬಲ್ ಇಲ್ಲ, ಅಂದರೆ ಬಾಲ್ ಪುಟಿಸ್ತಾ ಓಡೋ ಹಾಗಿಲ್ಲ, ಬರೀ ಪಾಸ್. ಮೊದಲು ಮೂರು ಪಾಯಿಂಟ್ ಮಾಡಿದವರು ಕೋರ್ಟಿನಲ್ಲಿ ಉಳೀತಾರೆ, ಸೋತವರು ಹೊರಗೆ.

ಮಂಜುಳಾ ಬಂಡ್ರಿಯವಳು, ಇಲ್ಲಿ ಹಾಸ್ಟೆಲಿನಲ್ಲಿದ್ದು ಪಿಯು ಓದ್ತಾಳೆ. ಸುಸ್ತಾಗಿರಬೇಕು ಅಂದುಕೊಂಡು, ಎರಡು ದಿನ ರೆಸ್ಟ್ ತಗೋ ಅಂದೆ.

"ಓಡಾಕ ಬ್ಯಾಸರಿಲ್ರಿ ಮೇಡಂ," ಅಂದಳು. "ಐದು ಮಂದಿ ಇದ್ದಾಗ ನಾ ಕಾಣಂಗಿಲ್ಲ ಅನ್ಕೊಂಡಿದ್ದೆ. ಮೂರು ಮಂದಿಯೊಳಗೂ ಕಾಣಂಗಿಲ್ಲಲ್ರಿ."

ಇನ್ನೊಂದೇ ದಿನ ಬಾ ಅಂತ ಕೇಳಿಕೊಂಡೆ.

ಸ್ಕೂಟಿ ಮೇಲೆ ಮನೆಗೆ ಬರ್ತಾ ಯೋಚಿಸಿದೆ. ನಮ್ಮ ಟೀಮಿನ ಎತ್ತರದ ಹುಡುಗಿ ರೇಖಾ. ಭಾಳ ಚೆನ್ನಾಗಿ ಬಾಸ್ಕೆಟ್ ಹಾಕ್ತಾಳೆ. ಒಂದು ವರ್ಷದಿಂದ ಪ್ರತಿ ಮ್ಯಾಚಿನಲ್ಲೂ ಗೆರೆಯಾಚೆ ನಿಂತು "ರೇಖಾಗೆ ಕೊಡ್ರಿ" ಅಂತ ಕೂಗಿದ್ದು ಯಾರು? ನಾನೇ. ಹುಡುಗಿಯರು ಮಾತು ಕೇಳೋರು. ಕೊಟ್ಟರು.

ಶುಕ್ರವಾರ ನಿಯಮ ಬದಲಿಸಿದೆ. ನಿಂತಲ್ಲಿಂದ ಬಾಸ್ಕೆಟ್ ಹಾಕಿದರೆ ಒಂದು ಪಾಯಿಂಟ್. ಓಡಿ ಬರೋಳಿಗೆ ಪಾಸ್ ಸಿಕ್ಕಿ, ಅವಳು ಹಾಕಿದರೆ ಎರಡು.

ಮಂಜುಳಾ, ರೇಖಾ ಒಂದೇ ಗುಂಪು. ಎರಡು ಆಟ ಸತತ ಸೋತು ಹೊರಗೆ ಕೂತರು. ರೇಖಾಗೆ ಅದು ರೂಢಿಯಿಲ್ಲ. ಮುಖ ಬಿಗಿದುಕೊಂಡು, ಯಾರಿಗೆ ಕೊಡಬೇಕು ನೀವೇ ಹೇಳಿ ಅಂತ ನನ್ನನ್ನೇ ಕೇಳಿದಳು. ನಾನು ಹೇಳಲಿಲ್ಲ. (ನಾಲಿಗೆ ತುದಿಗೆ ಬಂದಿತ್ತು, ನಿಜ.)

ಮೂರನೇ ಆಟ. ರೇಖಾ ಕೈಗೆ ಬಾಲ್ ಬಂದದ್ದೇ ಎದುರಾಳಿಗಳಿಬ್ಬರು ಅವಳನ್ನೇ ಮುತ್ತಿದರು. ಒಂದು ಕ್ಷಣ ತಲೆಯೆತ್ತಿ ನೋಡಿದಳು. ಮಂಜುಳಾ ಓಡ್ತಿದ್ದಳು. ಪಾಸ್ ಹೋಯ್ತು.

ಮಂಜುಳಾ ಎಸೆದ ಬಾಲ್ ರಿಂಗಿನ ಮೇಲೆ ಒಂದು ಸುತ್ತು ತಿರುಗಿ ಹೊರಗೆ ಬಿತ್ತು. ಅವಳು ಅಲ್ಲೇ ತಲೆ ತಗ್ಗಿಸಿ ನಿಂತುಬಿಟ್ಟಳು.

ರೇಖಾ ಅವಳ ಹತ್ತಿರ ಹೋಗಿ ಮೆಲ್ಲಗೆ ಅಂದಳು: "ಮತ್ತ ಓಡು ಲೇ. ಕೊಡ್ತೀನಿ."

ಆ ಆಟವನ್ನೂ ಸೋತರು. ಮಂಜುಳಾ ಶನಿವಾರ ಎಲ್ಲರಿಗಿಂತ ಮೊದಲು ಬಂದಿದ್ದಳು.

ಟೀಮ್ ಅಂದಕೂಡಲೇ ಅದರಲ್ಲಿರೋ ಎಲ್ಲರೂ ಆಡ್ತಿದ್ದಾರೆ ಅಂತ ನಂಬಿಬಿಡ್ತೀವಲ್ಲ, ಒಮ್ಮೆಯಾದರೂ ಎಣಿಸಿ ನೋಡಿದ್ದೀವಾ?