ಪೂಜೆಗಿಟ್ಟ ಪುಸ್ತಕಗಳು

ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುವ ಹುಚ್ಚು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಅದನ್ನು ತಂದು ತುಂಬಿದವಳು ಹೇರೋಹಳ್ಳಿಯಲ್ಲಿ ನಮ್ಮ ಪಕ್ಕದ ಕ್ರಾಸಿನಲ್ಲಿದ್ದ ಗೆಳತಿ. "ಸ್ಕೂಲಲ್ಲ ಕಣೇ ಅದು, ಕುರಿ ದೊಡ್ಡಿ. ನಿನ್ ಮಗಳು, ನನ್ ಮಗಳು ಇಬ್ರೂ ಮನೇಲೇ ಕಲೀಲಿ. ನಾನಿದೀನಲ್ಲ," ಅಂದಿದ್ದಳು. ನನ್ನ ಮಗಳು ಆಗ ಎರಡನೇ ಕ್ಲಾಸು, ಸೋಮವಾರ ಬಂತೆಂದರೆ ಹೊಟ್ಟೆನೋವು. 'ನಾನಿದೀನಲ್ಲ' ಎಂಬ ಒಂದೇ ಮಾತು ನಂಬಿ ಟಿ.ಸಿ. ತಂದುಬಿಟ್ಟೆ.

ಆಮೇಲೆ ಶುರುವಾಯಿತು ನೆಂಟರ ವಿಚಾರಣೆ. ಮಾರೇನಹಳ್ಳಿಯಿಂದ ನಮ್ಮತ್ತೆ ಪ್ರತಿ ಭಾನುವಾರ ಫೋನು ಮಾಡುತ್ತಿದ್ದರು. "ಪಾಠ ನೀನು ಹೇಳ್ಕೊಡ್ತೀಯ, ಸರಿಯಮ್ಮ. ನಾಲ್ಕು ಮಕ್ಕಳ ಜೊತೆ ಬೆರೆಯೋದನ್ನ ಯಾರು ಹೇಳ್ಕೊಡ್ತಾರೆ?" ಗೆಳತಿಯ ಮಗಳಿದ್ದಾಳಲ್ಲ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ನನ್ನ ಹತ್ತಿರ ಇದ್ದ ಉತ್ತರ ಅದೊಂದೇ. ಬೀದಿಯ ಉಳಿದ ಮಕ್ಕಳೆಲ್ಲ ಬೆಳಗ್ಗೆ ವ್ಯಾನು ಹತ್ತಿದರೆ ಸಂಜೆ ಟ್ಯೂಷನ್ನು. ಎರಡು ವರ್ಷ ಈ ಇಬ್ಬರೇ ನಮ್ಮ ಹಾಲಿನಲ್ಲಿ ಮಗ್ಗಿ ಹೇಳಿದರು, ಮಹಡಿಯ ಮೇಲೆ ಮೆಂತ್ಯ ಬೆಳೆದರು, ಜುಟ್ಟು ಹಿಡಿದು ಜಗಳವಾಡಿದರು. ಜಗಳವಾದಾಗ ನನಗೆ ಒಳಗೊಳಗೇ ಖುಷಿ. ನೋಡಿ ಅತ್ತೆ, ಬೆರೆಯುತ್ತಿದ್ದಾಳೆ!

ಈ ವರ್ಷ ಜೂನ್ ತಿಂಗಳಿಂದ ಗೆಳತಿ ಮಗಳನ್ನು ಬೆಳಗಿನ ಪಾಠಕ್ಕೆ ಕಳಿಸುವುದು ನಿಲ್ಲಿಸಿದಳು. "ಬ್ಯಾಡರಹಳ್ಳಿಗೆ ನಮ್ಮಮ್ಮನ ಹತ್ರ ಹೊಲಿಗೆ ಕಲಿಯೋಕೆ ಹೋಗ್ತಾಳೆ. ಸಂಜೆ ನಿನ್ ಮಗಳನ್ನ ನಮ್ಮನೆಗೆ ಕಳ್ಸು, ಆಡ್ಕೊಳ್ಳಲಿ," ಅಂದಳು. ಕಳಿಸಿದೆ. ಕೈಕೆಲಸ ಕಲಿಯುವ ಹುಡುಗಿ ಎಂದು ಹೊಗಳಿ, ನನ್ನ ಬ್ಲೌಸ್ ಪೀಸಿನ ಚೂರುಗಳನ್ನೆಲ್ಲ ಅವಳಿಗೆಂದು ಎತ್ತಿಡುತ್ತಿದ್ದೆ. ನನ್ನಂಥ ದಡ್ಡಿ ಇನ್ನೊಬ್ಬಳಿರಲಿಕ್ಕಿಲ್ಲ.

ಆಯುಧಪೂಜೆಯ ದಿನ ಕಡಲೆಕಾಳಿನ ಉಸಲಿ ಡಬ್ಬಿ ಹಿಡಿದು, ಮಗಳನ್ನು ಕರೆದುಕೊಂಡು, ಹೇಳದೆ ಕೇಳದೆ ಅವಳ ಮನೆಗೆ ಹೋದೆ. ದೇವರ ಮುಂದೆ ಸರಸ್ವತಿ ಪೂಜೆಗೆ ಪುಸ್ತಕ ಜೋಡಿಸಿದ್ದರು. ಬ್ರೌನ್ ಪೇಪರಿನ ಬೈಂಡು ಹಾಕಿದ ಒಂದೇ ಅಳತೆಯ ನೋಟ್‌ಬುಕ್ಕುಗಳು, ಶಾಲೆಯ ಡೈರಿ, ಎಲ್ಲದರ ಮೇಲೆ ಐಡಿ ಕಾರ್ಡು. ನಾಲ್ಕನೇ ತರಗತಿ, ಬಿ ವಿಭಾಗ. ಫೋಟೋದಲ್ಲಿ ಅವಳ ಮಗಳು, ಹಣೆಯ ಜಾಗಕ್ಕೆ ಸರಿಯಾಗಿ ಹಚ್ಚಿದ ಕುಂಕುಮ.

ಗೆಳತಿಯ ಕೈ ಕಾರ್ಡಿನತ್ತ ಹೋಗಿ ಹಿಂದೆ ಬಂತು. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಕದಲಿಸುವಂತಿಲ್ಲ. ನಾಲ್ಕು ತಿಂಗಳು ಯೂನಿಫಾರ್ಮನ್ನು ನನ್ನ ಕಣ್ಣಿಗೆ ಬೀಳದಂತೆ ಒಣಗಿಸಿದವಳಿಗೆ ಸರಸ್ವತಿಗೆ ಮೋಸ ಮಾಡುವ ಧೈರ್ಯ ಬರಲಿಲ್ಲ. ನನಗೆ ಮೋಸ ಮಾಡಲು ಮಾತ್ರ ಅವಳಿಗೆ ಧೈರ್ಯವಿತ್ತು.

"ಹೇಳೋಣ ಅಂತಾನೇ ಇದ್ದೆ ಕಣೇ. ನೀನು ಬೇಜಾರ್ ಮಾಡ್ಕೋತೀಯ ಅಂತ... ಒಬ್ಳೇ ಫ್ರೆಂಡ್ ಇದ್ರೆ ಮಗೂಗೆ ಸಾಕಾಗಲ್ಲ ಅನ್ನಿಸ್ತು."

"ಆ ಒಬ್ಳು ನನ್ ಮಗಳು," ಎಂದೆ.

ಅಟ್ಟ ಹತ್ತಿಸಿ ಏಣಿ ತೆಗೆದವಳಿಗೆ ನನ್ನ ಬೇಜಾರಿನ ಚಿಂತೆಯಂತೆ! ಡಬ್ಬಿಯನ್ನು ಅಲ್ಲೇ ಕುಕ್ಕಿ, ಕುಂಕುಮವನ್ನೂ ತೆಗೆದುಕೊಳ್ಳದೆ ಹೊರಟೆ. ಹಬ್ಬದ ದಿನ ಹಾಗೆ ಮಾಡಬಾರದೆಂದು ನನಗೂ ಗೊತ್ತಿತ್ತು.

ಅಗೆದು ಬಿಟ್ಟ ರಸ್ತೆಯಲ್ಲಿ ಮಗಳ ಕೈ ಹಿಡಿದು ಗುಂಡಿ ದಾಟಿಸುತ್ತಾ ಸಮಾಧಾನ ಹೇಳಿದೆ. "ನಿಂಗೂ ಸುಳ್ಳು ಹೇಳ್ಬಿಟ್ಲಲ್ಲ ಪುಟ್ಟಾ ನಿನ್ ಫ್ರೆಂಡು."

ಮಗಳು ಕೈ ಬಿಡಿಸಿಕೊಂಡಳು. "ನಂಗೆ ಮೊದಲಿಂದಾನೇ ಗೊತ್ತಮ್ಮ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅವರ ಮನೆಗೆ ಕಳಿಸ್ತಿರ್ಲಿಲ್ಲ. ದಿನಾ ಸಂಜೆ ಸ್ಕೂಲಾಟ ಆಡ್ತೀವಿ. ಅವಳ ಟೈ ನಂಗೆ ಕೊಡ್ತಾಳೆ. ಅವಳೇ ಮಿಸ್ಸು. ಅವಳ ಕ್ಲಾಸಲ್ಲಿ ಮೂವತ್ತು ಜನ ಇದಾರೆ, ಎಲ್ಲರ ಹೆಸ್ರೂ ಕರೀತಾಳೆ."

ತಾನು ಎಂದೂ ನೋಡದ ಆ ಮೂವತ್ತು ಮಕ್ಕಳ ಹೆಸರನ್ನು ಮಗಳು ತಡವರಿಸದೆ ಒಪ್ಪಿಸಿದಳು. ಮೂವತ್ತೊಂದನೆಯದಾಗಿ ತನ್ನ ಹೆಸರು ಕರೆದು, ನಡುಬೀದಿಯಲ್ಲಿ ನಿಂತು ಕೈಯೆತ್ತಿ, "ಪ್ರೆಸೆಂಟ್ ಮಿಸ್," ಅಂದಳು.