ಷಡ್ಡಕರು ಚೈನು ಕೂರಿಸಿದ ಭಾನುವಾರ

ಚೈನು ಒಂದು ಹಲ್ಲು ಹಿಂದಕ್ಕೆ ಕೂರಬಹುದಿತ್ತು. ಎರಡು ಹಲ್ಲು ಮುಂದಕ್ಕೆ ಕೂತು, ವಾಲ್ವುಗಳು ಪಿಸ್ಟನ್ನಿನ ತಲೆಗೆ ಬಡಿದು ಬಾಗಿ, ಇಡೀ ಇಂಜಿನ್ನು ಗುಜರಿಗೆ ಹೋಗಬಹುದಿತ್ತು. ಬಿಚ್ಚಿಟ್ಟ ಬೋಲ್ಟೊಂದು ಕೈಜಾರಿ ಒಳಗೆ ಬಿದ್ದು, ಅದನ್ನು ಹುಡುಕಲು ಇನ್ನಷ್ಟು ಬಿಚ್ಚಬೇಕಾಗಬಹುದಿತ್ತು. ಮುಚ್ಚಳದ ಪೇಸ್ಟು ಒಣಗದೆ ಜಾವಗಲ್ ರಸ್ತೆಯುದ್ದಕ್ಕೂ ಆಯಿಲ್ ಸೋರಬಹುದಿತ್ತು. ಜ್ಯಾಕು ಜಾರಿ ಕಾರು ನನ್ನ ಷಡ್ಡಕರ ಮೇಲೆ ಬೀಳಬಹುದಿತ್ತು. ಈ ಕೊನೆಯದನ್ನು ನೆನೆದಾಗ ನನಗಾದದ್ದು ಬರೀ ಭಯ ಎಂದು ಹೇಳಿದರೆ ಸುಳ್ಳಾಗುತ್ತದೆ.

ಇಷ್ಟನ್ನೂ ನಾನು ಭಾನುವಾರದ ಮೊದಲ ಕಾಫಿ ಮುಗಿಯುವುದರೊಳಗೆ ಚಿಂತಿಸಿ ಮುಗಿಸಿದ್ದೆ. ಬೇರೆ ಯಾವ ಕೆಲಸದಲ್ಲೂ ನಾನು ಅಷ್ಟು ಚುರುಕಲ್ಲ.

ಕಾರು ನನ್ನದಲ್ಲ, ಹೆಂಡತಿಯದು. ಅವಳು ಹಳೇಬೀಡಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಅರಸೀಕೆರೆಯಿಂದ ದಿನಾ ತಾನೇ ಓಡಿಸಿಕೊಂಡು ಹೋಗಿ ಬರುತ್ತಾಳೆ. ಕೆಲವು ದಿನಗಳಿಂದ ಬೆಳಿಗ್ಗೆ ಕೀ ತಿರುಗಿಸಿದರೆ ಇಂಜಿನ್ನಿನೊಳಗೆ ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಸದ್ದು ಬರುತ್ತಿತ್ತು. ಟೈಮಿಂಗ್ ಚೈನು ಸಡಿಲವಾಗಿದೆ, ಓಡಿಸಬೇಡಿ, ಆದರೆ ನನಗೆ ಸದ್ಯಕ್ಕೆ ಪುರಸೊತ್ತಿಲ್ಲ ಎಂದು ಗ್ಯಾರೇಜಿನವನು ಕೈಮುಗಿದ. ಒಂದು ವಾರ ಬಸ್ಸಿನಲ್ಲಿ ಓಡಾಡಿದ ಮೇಲೆ ಹೆಂಡತಿ ತೀರ್ಪು ಕೊಟ್ಟಳು.

"ಜಾವಗಲ್‌ವರೆಗೆ ನಿಂತ್ಕೊಂಡು ಹೋಗಿ, ಅಲ್ಲಿ ಇನ್ನೊಂದು ಬಸ್ಸಿಗೆ ಓಡಿ, ನನ್ನ ಸೊಂಟ ಹೋಯ್ತು ಕಣ್ರೀ. ಸೋಮವಾರ ಬೆಳಿಗ್ಗೆ ಕಾರು ಹೊರಡ್ಲಿಲ್ಲ ಅಂದ್ರೆ ನಾನು ಹಳೇಬೀಡಲ್ಲೇ ಒಂದು ರೂಮ್ ಮಾಡ್ತೀನಿ. ನೋಡಿಯೂ ಆಗಿದೆ. ಶನಿವಾರ ಬರ್ತೀನಿ, ಸೋಮವಾರ ಹೋಗ್ತೀನಿ."

ರೂಮು ನೋಡಿ ಆಗಿದೆ ಎಂಬುದು ನನಗೆ ಹೊಸ ಸುದ್ದಿ. ನಾನು ತಾಲ್ಲೂಕು ಕಚೇರಿಯಲ್ಲಿ ಕಡತ ತಿರುವುವವನು, ಸಂಜೆ ಮನೆಗೆ ಬಂದು ದಿನದ ಚಿಂತೆಗಳನ್ನೆಲ್ಲ ಅವಳ ಮುಂದೆ ಸುರಿಯುತ್ತೇನೆ. ಅವಳು ಉತ್ತರಪತ್ರಿಕೆ ತಿದ್ದುತ್ತಾ, ತಲೆಯೆತ್ತದೆ, "ಹೂಂ, ಆಮೇಲೆ?" ಅನ್ನುತ್ತಾಳೆ. ಆ "ಹೂಂ" ಇಲ್ಲದ ಐದು ಸಂಜೆಗಳನ್ನು ಬೆರಳು ಮಡಿಸಿ ಎಣಿಸಿದೆ. ಹಾಗಾಗಿಯೇ ಆಗಬಾರದ ಕೆಲಸವೊಂದು ಆಯಿತು. ಷಡ್ಡಕರಿಗೆ ಫೋನು ಹೋಯಿತು.

ಷಡ್ಡಕರು ಅಂದರೆ ನನ್ನ ನಾದಿನಿಯ ಗಂಡ. ಬೇಲೂರಿನಲ್ಲಿ ಬಿಡಿಭಾಗಗಳ ಅಂಗಡಿ. ಚೈನು ಮಾರುತ್ತಾರೆ, ಆದ್ದರಿಂದ ಚೈನು ಕೂರಿಸಲು ಬರುತ್ತದೆಂದು ನಂಬಿದ್ದಾರೆ. ಅಕ್ಕಿ ಮಾರುವವರಿಗೆಲ್ಲ ಅಡುಗೆ ಬರುತ್ತದೆಯೇ ಎಂದು ಕೇಳುವ ಎದೆಗಾರಿಕೆ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಹೊರಗಿನವನಾದರೆ ಬೈಯಬಹುದು. ಷಡ್ಡಕರನ್ನು ಕೂರಿಸಿ, ಉಣ್ಣಿಸಿ, ಹೊಗಳಿ, ಎಲೆಯಡಿಕೆ ಕೊಟ್ಟು ಕಳಿಸಬೇಕು. ಇದು ನಮ್ಮ ಕಡೆಯ ಕಾನೂನು.

"ಎರಡು ಗಂಟೆ ಕೆಲ್ಸ ಅಣ್ಣ. ಇದೇನ್ ಮಹಾ ಐತೆ," ಎನ್ನುತ್ತಾ ಅವರು ಕೊಬ್ಬರಿ ಚೀಲ ಹಾಸಿ ಕಾರಿನ ಅಡಿಗೆ ತೂರಿದರು. ಹೊಟ್ಟೆ ಮಾತ್ರ ಸ್ವಲ್ಪ ಹೊತ್ತು ಹೊರಗೇ ಉಳಿದಿತ್ತು.

ಮಧ್ಯಾಹ್ನದ ಊಟವಾಗಿ, ಒಂದು ನಿದ್ದೆಯೂ ಆಗಿ, ಹೊಸ ಚೈನು ಕೂತಿತು. ಕೆಳಗೊಂದು ಚಿಕ್ಕ ಚಕ್ರ, ಮೇಲೆ ವಾಲ್ವುಗಳನ್ನು ತೆರೆದು ಮುಚ್ಚಿಸುವ ಎರಡು ದೊಡ್ಡ ಚಕ್ರ. ಪ್ರತಿ ಚಕ್ರದ ಮೇಲೂ ಒಂದು ಗುರುತು. ಚೈನಿನಲ್ಲಿ ಮೂರು ಕೊಂಡಿಗಳಿಗೆ ಮಾತ್ರ ಬಣ್ಣ. ಬಣ್ಣದ ಕೊಂಡಿ ಗುರುತಿನ ಮೇಲೆ ಬರುವಂತೆ ಕೂರಿಸಿದರೆ ಟೈಮಿಂಗ್ ಸರಿ. ಕೂತಿದ್ದೂ ಹಾಗೆಯೇ. ಷಡ್ಡಕರು ಗಡಿಯಾರ ನೋಡಿದರು.

"ನಾಲ್ಕೂವರೆಗೆ ರಾಹುಕಾಲ. ಅಷ್ಟರೊಳಗೆ ಮುಚ್ಚಳ ಮುಚ್ಚಿಬಿಡಾನ."

"ಮುಚ್ಚೋ ಮುಂಚೆ ಕೈಯಲ್ಲಿ ಎರಡು ಸುತ್ತು ತಿರುಗಿಸಿ ನೋಡ್ಬೇಕಂತೆ," ಎಂದೆ ನಾನು. ಫೋನಿನಲ್ಲಿ ಓದಿದ್ದು. ನನ್ನಂಥವರಿಗೆಂದೇ ಫೋನಿನೊಳಗೆ ಯಾರೋ ಕೂತು ಬರೆಯುತ್ತಾರೆ.

"ನಂಬಿಕೆ ಇಲ್ವಾ ಅಣ್ಣ?"

"ಛೆ ಛೆ. ನಿಮ್ಮ ಮೇಲೆ ನಂಬಿಕೆ ಇದೆ ರೀ. ಕಾರಿನ ಮೇಲಿಲ್ಲ."

ಅವರು ಸ್ಪ್ಯಾನರ್ ಹಾಕಿ ಬೇಜಾರಿನಿಂದಲೇ ಎರಡು ಸುತ್ತು ತಿರುಗಿಸಿದರು. ಎಲ್ಲೂ ತಡೆಯಲಿಲ್ಲ. ಆದರೆ ಬಣ್ಣದ ಕೊಂಡಿಗಳು ಗುರುತು ಬಿಟ್ಟು ಎಲ್ಲೋ ಹೋಗಿ ನಿಂತಿದ್ದವು. ಇಬ್ಬರೂ ಬಗ್ಗಿ ನೋಡಿದೆವು.

"ನೀವು ಮಧ್ಯ ಬಾಯಿ ಹಾಕಿದ್ದಕ್ಕೇ ಹಿಂಗಾಗಿದ್ದು," ಎಂದು ಅವರು ಚೈನು ಬಿಚ್ಚಿದರು. ಮತ್ತೆ ಕೂರಿಸಿದರು, ಮತ್ತೆ ತಿರುಗಿಸಿದರು, ಬಣ್ಣ ಮತ್ತೆ ತಪ್ಪಿತು. ಈ ಸಲ ಚೈನೇ ಡೂಪ್ಲಿಕೇಟ್ ಎಂದರು. ತಮ್ಮದೇ ಅಂಗಡಿಯ ಚೈನು. ಕಾಂಪೌಂಡಿನ ಆಚೆಯಿಂದ ಕೊಬ್ಬರಿ ಮಂಡಿಯ ಸಾಹುಕಾರರು ಇಣುಕಿ, "ಏನ್ ಸ್ವಾಮಿ, ಬೆಳಿಗ್ಗೆಯಿಂದ ಬರೀ ಬಿಚ್ತಾನೇ ಇದೀರಲ್ಲ, ಕಾರೋ ತೆಂಗಿನಕಾಯೋ?" ಎಂದು ಕೇಳಿ ತಮ್ಮ ಭಾನುವಾರ ಸಾರ್ಥಕ ಮಾಡಿಕೊಂಡರು.

ಎರಡನೇ ಸಲ ಬಿಚ್ಚಲು ಹೊರಟಾಗ ಹೆಂಡತಿ ಕಾಫಿ, ಕೋಡುಬಳೆ ಹಿಡಿದು ಬಂದಳು.

"ಚೈನು ಹಲ್ಲು ಹಾರಿಸ್ತಾ ಐತೆ ಅಕ್ಕ," ಎಂದರು ಷಡ್ಡಕರು. "ಎರಡು ಸುತ್ತಿಗೆ ಬಣ್ಣದ ಕೊಂಡಿ ಎಲ್ಲೋ ಓಡೋಗ್ತದೆ."

"ಚಕ್ರದ ಮೇಲಿನ ಗುರುತುಗಳು?"

"ಅವು ಸರಿಯಾಗೇ ನಿಂತವೆ."

"ಚಕ್ರದಲ್ಲಿ ಹಲ್ಲೆಷ್ಟು? ಚೈನಲ್ಲಿ ಕೊಂಡಿ ಎಷ್ಟು?"

ಷಡ್ಡಕರು ನನ್ನನ್ನು ನೋಡಿದರು. ನಾನು ಕೋಡುಬಳೆ ನೋಡಿದೆ.

"ಎಣಿಸೇ ಇಲ್ವಾ? ಹಲ್ಲು ಕಮ್ಮಿ, ಕೊಂಡಿ ಜಾಸ್ತಿ. ಚಕ್ರ ಸುತ್ತು ಮುಗಿಸಿ ಬಂದ್ರೂ ಚೈನು ಇನ್ನೂ ದಾರೀಲಿರುತ್ತೆ. ಎರಡೂ ಒಟ್ಟಿಗೆ ಮೊದಲಿನ ಜಾಗಕ್ಕೆ ಬರೋದು ಯಾವಾಗ ಅಂತ ತಿಳ್ಕೊಳ್ಳೋಕೆ ಲಸಾಅ ಹಾಕ್ಬೇಕು. ತುಂಬಾ ಸುತ್ತು ಬೇಕಾಗುತ್ತೆ. ಬಣ್ಣ ಇರೋದು ಕೂರಿಸೋವಾಗ ನೋಡೋಕೆ ಅಷ್ಟೇ. ಆಮೇಲೆ ಚಕ್ರದ ಗುರುತು ನೋಡಿ, ಸಾಕು. ಆರನೇ ಕ್ಲಾಸಿನ ಲೆಕ್ಕ ಇದು, ನಾನು ಹೈಸ್ಕೂಲಲ್ಲಿ ಹೇಳೋದೂ ಇಲ್ಲ."

ಅಂದರೆ ಚೈನು ಮೊದಲ ಸಲವೇ ಸರಿಯಾಗಿ ಕೂತಿತ್ತು. ಅದನ್ನು ಸುಮ್ಮನೆ ಬಿಚ್ಚಿಸಿದ್ದು ನನ್ನ ಚಿಂತೆ ಮತ್ತು ಅವರ ಜ್ಞಾನ, ಎರಡೂ ಸೇರಿ. ಆರನೇ ಕ್ಲಾಸನ್ನು ನಾನೂ ಪಾಸು ಮಾಡಿದ್ದೇನೆ ಎಂಬುದನ್ನು ಆ ಹೊತ್ತಿನಲ್ಲಿ ಯಾರೂ ಎತ್ತಲಿಲ್ಲ, ದೇವರು ದೊಡ್ಡವನು.

"ನಂಗೂ ಅದೇ ಅನುಮಾನ ಇತ್ತು ಅಕ್ಕ," ಎಂದರು ಷಡ್ಡಕರು ಕಾಫಿ ಲೋಟ ತೆಗೆದುಕೊಳ್ಳುತ್ತಾ. ಆ ಮುಖದಲ್ಲಿ ನಾಚಿಕೆಯ ಗೆರೆಯೊಂದನ್ನು ನಾನು ತುಂಬ ಹೊತ್ತು ಹುಡುಕಿದೆ. ಅಷ್ಟರಲ್ಲಿ ರಾಹುಕಾಲ ಹಿಡಿದಿತ್ತು. ಆರು ಗಂಟೆಯವರೆಗೆ ಅವರು ಮುಚ್ಚಳ ಮುಟ್ಟಲಿಲ್ಲ. ಕೋಡುಬಳೆ ಮುಟ್ಟಲು ರಾಹು ಅಡ್ಡಿ ಮಾಡಲಿಲ್ಲ. ಅವರು ಬಚ್ಚಲಿಗೆ ಹೋದಾಗ ನಾನು ಕಳ್ಳನಂತೆ ಇನ್ನೆರಡು ಸುತ್ತು ತಿರುಗಿಸಿ ಚಕ್ರದ ಗುರುತುಗಳನ್ನು ನೋಡಿದೆ. ಸರಿಯಾಗಿದ್ದವು. ಆದರೂ ಅವರು ಬರುವ ಮುಂಚೆ ಮತ್ತೆರಡು ಸುತ್ತು ತಿರುಗಿಸಿದೆ.

ಸಂಜೆ ಮುಚ್ಚಳ ಮುಚ್ಚಿತು. ಪೇಸ್ಟು ಒಣಗಲೆಂದು ಷಡ್ಡಕರು ನಮ್ಮಲ್ಲೇ ಉಳಿದರು. ಪೇಸ್ಟಿಗೂ ಅವರ ರಾತ್ರಿಯೂಟಕ್ಕೂ ಏನು ಸಂಬಂಧವೋ ತಿಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಬ್ಯಾಗು, ಊಟದ ಡಬ್ಬಿ ಇಟ್ಟುಕೊಂಡು ಕೀ ತಿರುಗಿಸಿದಳು. ಒಂದು ಗಳಿಗೆ ಗೊರಗೊರ ಎಂದಿತು. ನಾನು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಇಂಜಿನ್ನು ತಣ್ಣಗೆ ಓಡುತ್ತಿತ್ತು, ಅವಳು ಗೇಟು ದಾಟಿದ್ದಳು. "ಕೈ ಹಾಕಿದ್ ಮೇಲೆ ಮುಗೀತು," ಎಂದು ಷಡ್ಡಕರು ಮೂರನೇ ದೋಸೆಗೆ ಕೈ ಹಾಕಿದರು.

ಆ ದಿನ ಕಚೇರಿಯಲ್ಲಿ ನಾನು ಒಂದು ಕಡತವನ್ನೂ ತಿರುವಲಿಲ್ಲ. ಸಂಜೆ ಕತ್ತಲಾಗುವ ಮುಂಚೆಯೇ ಕಾರು ಮನೆಗೆ ಬಂತು. ಗೇಟಿನಲ್ಲೇ ಅಡ್ಡಗಟ್ಟಿದೆ.

"ಸದ್ದು ಬಂತಾ? ಬಿಸಿ ಆಯ್ತಾ? ಆಯಿಲ್ ಲೈಟು ಹತ್ತಿತಾ?"

"ಏನೂ ಇಲ್ಲ. ನೀರು ಹರಿದಂಗೆ ಹೋಯ್ತು, ಬಂತು. ರೂಮಿನವ್ರಿಗೂ ಬೇಡ ಅಂದ್ಬಿಟ್ಟೆ." ಅವಳು ಡಬ್ಬಿ ಕೈಗೆ ಕೊಟ್ಟಳು. "ಹಾರ್ನ್ ಮಾತ್ರ ಬರ್ತಿಲ್ಲ. ವೈರು ಸಿಕ್ಕಿಸೋದು ಮರ್ತಿದಾರೆ ಮಹಾನುಭಾವ್ರು. ಜಾವಗಲ್ ದಾಟಿದ ಮೇಲೆ ಕುರಿ ಹಿಂಡು ಅಡ್ಡ ಬಂತು. ಕಿಟಕಿಯಿಂದ ತಲೆ ಹಾಕಿ, ಕ್ಲಾಸಲ್ಲಿ ಕಿರುಚಿದಂಗೆ ಕಿರುಚಿದೆ."

"ಸರಿದ್ವಾ?"

"ಕುರಿ ಒಂದೂ ಅಲ್ಲಾಡ್ಲಿಲ್ಲ. ಕಾಯ್ತಿದ್ದೋನು ಮಾತ್ರ ಬೀಡಿ ಬಿಸಾಕಿ, ಕೈ ಕಟ್ಕೊಂಡು ನಿಂತ್ಬಿಟ್ಟ ಪಾಪ."